ತಾಮನ್ ನೆಗಾರಾ ಮಳೆಕಾಡಿನಲ್ಲಿ ನಾಲ್ಕು ದಿನ: ಯೋಜನೆ ಹೇಗಿರಬೇಕು?

ಹೊಳೆದಂಡೆ

ಎಲ್ಲರಿಗೂ ನಮಸ್ಕಾರ. ಬರುವ ಏಪ್ರಿಲ್‌ನಲ್ಲಿ ನಾನು, ನನ್ನ ಹೆಂಡತಿ, 11 ವರ್ಷದ ಮಗಳು ಮತ್ತು 64 ವರ್ಷದ ನನ್ನ ತಾಯಿ ಮಲೇಷಿಯಾದ ತಾಮನ್ ನೆಗಾರಾ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವ ಆಲೋಚನೆಯಲ್ಲಿದ್ದೇವೆ. ಕ್ವಾಲಾಲಂಪುರದಲ್ಲಿ ನನಗಿರುವ ಕೆಲಸ ಮುಗಿದ ಮೇಲೆ ಹೋಗಿ ಬರುವ ಪ್ರಯಾಣವೂ ಸೇರಿ ನಾಲ್ಕು ದಿನ ಉಳಿಯುತ್ತದೆ. ಮಗಳಿಗೆ ಹಕ್ಕಿಗಳೆಂದರೆ ಪ್ರಾಣ. ತಾಯಿಗೆ ಮಂಡಿನೋವಿದೆ, ಆದರೆ ಸಮತಟ್ಟಾದ ದಾರಿಯಲ್ಲಿ ಒಂದೆರಡು ಗಂಟೆ ನಿಧಾನವಾಗಿ ನಡೆಯಬಲ್ಲರು.

ಮರಗಳ ತುದಿಯಲ್ಲಿ ಕಟ್ಟಿರುವ ತೂಗುಹಾದಿ, ರಾತ್ರಿ ಸಫಾರಿ, ಗುಹೆ, ದೋಣಿಯಾನ, ಆದಿವಾಸಿಗಳ ಹಾಡಿಗೆ ಭೇಟಿ ಹೀಗೆ ಹತ್ತಾರು ಹೆಸರುಗಳಿರುವ ಪಟ್ಟಿಯೊಂದನ್ನು ಪ್ರವಾಸದ ಏರ್ಪಾಟು ಮಾಡುವವರು ಕಳಿಸಿದ್ದಾರೆ. ಅದರ ಪ್ರಕಾರ ಹೋದರೆ ದಿನಕ್ಕೆ ನಾಲ್ಕು ಕಡೆ ಓಡಬೇಕಾಗುತ್ತದೆ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು, ಹುಲಿ ಮತ್ತು ಆನೆ ಕಾಣುವ ಸಾಧ್ಯತೆ ಎಷ್ಟು ಎಂಬುದನ್ನು ಅಲ್ಲಿಗೆ ಹೋಗಿಬಂದವರು ತಿಳಿಸಿದರೆ ಉಪಕಾರವಾಗುತ್ತದೆ.

ನೆರಳುಹಾದಿ

ಹೊಳೆದಂಡೆ ಅವರೇ, ಆ ಕಾಡಿಗೆ ನಾನು ಎರಡು ಸಲ ಹೋಗಿದ್ದೇನೆ. ಮೊದಲ ಸಲ ನಿಮ್ಮ ಕೈಯಲ್ಲಿರುವಂಥದೇ ಪಟ್ಟಿ ಹಿಡಿದು ಎರಡು ದಿನ ಓಡಾಡಿ, ಬೆವರು ಮತ್ತು ಆಯಾಸದ ಹೊರತು ಹೆಚ್ಚೇನೂ ನೆನಪಿಲ್ಲದೆ ಮರಳಿದೆ. ಎರಡನೆಯ ಸಲ ಐದು ದಿನ ಒಂದೇ ಕಡೆ ಉಳಿದು, ದಿನಕ್ಕೊಂದೇ ದಾರಿ ಹಿಡಿದು, ಹೆಚ್ಚು ಹೊತ್ತು ಕುಳಿತೇ ಕಳೆದೆ. ಕಾಡು ಸ್ವಲ್ಪವಾದರೂ ಅರ್ಥವಾದದ್ದು ಆಗ. ಆದ್ದರಿಂದ ನನ್ನ ಮೊದಲ ಸಲಹೆಯೇ ಪಟ್ಟಿಯನ್ನು ಅರ್ಧಕ್ಕಿಂತ ಕಡಿಮೆ ಮಾಡಿಕೊಳ್ಳಿ ಎಂಬುದು.

ಮಲಯ ಭಾಷೆಯಲ್ಲಿ ತಾಮನ್ ನೆಗಾರಾ ಎಂದರೆ ರಾಷ್ಟ್ರೀಯ ಉದ್ಯಾನ ಎಂದೇ ಅರ್ಥ. ಪಹಾಂಗ್, ಕೆಲಾಂತನ್, ತೆರೆಂಗಾನು ಎಂಬ ಮೂರು ರಾಜ್ಯಗಳಲ್ಲಿ ಹರಡಿರುವ ಇದರ ವಿಸ್ತೀರ್ಣ 4,343 ಚದರ ಕಿಲೋಮೀಟರ್. 1925ರಲ್ಲಿ ತಹಾನ್ ಬೆಟ್ಟದ ಸುತ್ತ ಒಂದು ವನ್ಯಮೃಗ ಧಾಮವಾಯಿತು. ಬೇಟೆಗಾರರಾಗಿದ್ದು ಸಂರಕ್ಷಣೆಯ ಕಡೆ ಹೊರಳಿದ ಥಿಯೊಡೋರ್ ಹಬ್ಯಾಕ್ ಅವರ ಎಡೆಬಿಡದ ಒತ್ತಾಯದಿಂದ ಮೂರೂ ರಾಜ್ಯಗಳ ಸುಲ್ತಾನರು ಒಪ್ಪಿ, 1938 ಮತ್ತು 1939ರಲ್ಲಿ ಪ್ರತ್ಯೇಕ ಕಾಯಿದೆಗಳ ಮೂಲಕ ಇಷ್ಟು ದೊಡ್ಡ ಕಾಡನ್ನು ಒಟ್ಟಾಗಿ ಉಳಿಸಿದರು. ಇಂದಿಗೂ ಇದಕ್ಕೆ ಬೇರೆ ಬೇರೆ ರಾಜ್ಯಗಳಿಂದ ಬೇರೆ ಬೇರೆ ಪ್ರವೇಶದ್ವಾರಗಳಿವೆ. ಪಹಾಂಗ್ ಕಡೆಯಿಂದ ಕ್ವಾಲಾ ತಹಾನ್ ಮತ್ತು ಮೆರಾಪೊಹ್, ಕೆಲಾಂತನ್ ಕಡೆಯಿಂದ ಕ್ವಾಲಾ ಕೋಹ್, ತೆರೆಂಗಾನು ಕಡೆಯಿಂದ ಕೆನ್ಯಿರ್ ಸರೋವರದ ಬದಿಯ ತಂಜುಂಗ್ ಮೆಂತೊಂಗ್. ಕಾಯ್ದಿರಿಸುವಾಗ ಯಾವ ದ್ವಾರ ಎಂಬುದನ್ನು ಖಚಿತಪಡಿಸಿಕೊಳ್ಳದಿದ್ದರೆ ಕಾಡಿನ ಇನ್ನೊಂದು ಮಗ್ಗುಲಿಗೆ ಹೋಗಿ ನಿಲ್ಲಬೇಕಾದೀತು. ನಿಮ್ಮ ಕುಟುಂಬಕ್ಕೆ ಸೂಕ್ತವಾದದ್ದು ಕ್ವಾಲಾ ತಹಾನ್.

ಕ್ವಾಲಾಲಂಪುರದಿಂದ ಜೆರಾಂತುತ್ ಪಟ್ಟಣಕ್ಕೆ ರಸ್ತೆಯಲ್ಲಿ ಸುಮಾರು ಮೂರು ಗಂಟೆ. ಅಲ್ಲಿಂದ ಮುಂದೆ ರಸ್ತೆಯಲ್ಲೇ ಹೋಗಬಹುದು, ಅಥವಾ ಕ್ವಾಲಾ ತೆಂಬೆಲಿಂಗ್ ದೋಣಿಗಟ್ಟೆಯಿಂದ ತೆಂಬೆಲಿಂಗ್ ಹೊಳೆಯ ಮೇಲೆ ಸುಮಾರು 60 ಕಿಲೋಮೀಟರ್ ಏರುಮುಖವಾಗಿ ಸಾಗಬಹುದು. ದೋಣಿಗೆ ಎರಡೂವರೆಯಿಂದ ಮೂರು ಗಂಟೆ ಬೇಕು. ಹೋಗುವಾಗ ದೋಣಿ, ಬರುವಾಗ ರಸ್ತೆ ಎಂದಿಟ್ಟುಕೊಂಡರೆ ಚೆನ್ನ, ಏಕೆಂದರೆ ಊರು ತೋಟವಾಗಿ, ತೋಟ ಕಾಡಾಗಿ, ಕಾಡು ಗೋಡೆಯಂತೆ ಎರಡೂ ದಂಡೆಗಳಲ್ಲಿ ಏಳುವುದನ್ನು ನಿಧಾನವಾಗಿ ಕಾಣುವ ಅವಕಾಶ ದೋಣಿಯಲ್ಲಿ ಮಾತ್ರ ಸಿಗುತ್ತದೆ. ಆದರೆ ದೋಣಿ ಆ ದಿನ ಇದೆಯೇ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಿ. ನಗದು ಹಣವನ್ನು ಜೆರಾಂತುತ್‌ನಲ್ಲೇ ತೆಗೆದಿಟ್ಟುಕೊಳ್ಳಿ.

ಹುಲಿಯ ವಿಷಯವನ್ನು ಮನಸ್ಸಿನಿಂದ ತೆಗೆದುಹಾಕಿ. ಇಡೀ ಮಲೇಷಿಯಾದಲ್ಲಿ ಕಾಡಿನಲ್ಲಿ ಉಳಿದಿರುವ ಮಲಯನ್ ಹುಲಿಗಳ ಸಂಖ್ಯೆ 150ಕ್ಕಿಂತ ಕಡಿಮೆ ಎಂದು ಅಲ್ಲಿನ ರಾಷ್ಟ್ರೀಯ ಗಣತಿಯೇ ಹೇಳಿದೆ. ಆನೆ, ಕಾಟಿ, ಕರಡಿ, ಗಿಡ್ಡ ಸೊಂಡಿಲಿನ ಹಂದಿಯಂತೆ ಕಾಣುವ ಟೇಪಿರ್ ಎಲ್ಲವೂ ಈ ಕಾಡಿನಲ್ಲಿವೆ, ಆದರೆ ಹತ್ತು ಹೆಜ್ಜೆ ಆಚೆಗೆ ಏನಿದೆ ಎಂಬುದು ಕಾಣದಷ್ಟು ದಟ್ಟವಾದ ಹಸಿರಿನೊಳಗೆ ಅವು ಸದ್ದಿಲ್ಲದೆ ಸರಿದುಹೋಗುತ್ತವೆ. ಬಯಲು ಹುಲ್ಲುಗಾವಲಿನಲ್ಲಿ ಜೀಪಿನಿಂದ ಮೃಗಗಳನ್ನು ನೋಡಿ ರೂಢಿಯಾದವರಿಗೆ ಮಳೆಕಾಡು ಮೊದಲು ನಿರಾಸೆ ಮಾಡುತ್ತದೆ. ಈ ಮಾತನ್ನು ಮಗಳಿಗೆ ಹೊರಡುವ ಮೊದಲೇ ಹೇಳಿಬಿಡಿ. ಇಲ್ಲಿ ಕಿವಿ ಮುಂದೆ, ಕಣ್ಣು ಹಿಂದೆ.

ಮಂಗಟ್ಟೆ

ನೆರಳುಹಾದಿ ಅವರ ಕೊನೆಯ ಮಾತನ್ನು ಹಕ್ಕಿಗಳ ಕಡೆಯಿಂದ ಮುಂದುವರಿಸುತ್ತೇನೆ, ಮಗುವಿಗೆ ಪ್ರಯೋಜನವಾದೀತು.

ನಿಮ್ಮ ಮಗಳು ಹೊರಡುವ ಮೊದಲೇ ನಾಲ್ಕೈದು ಕೂಗುಗಳನ್ನು ಧ್ವನಿಮುದ್ರಣದಲ್ಲಿ ಕೇಳಿ ಗುರುತು ಹಿಡಿಯಲು ಕಲಿತರೆ ಪ್ರವಾಸದ ಸ್ವರೂಪವೇ ಬದಲಾಗುತ್ತದೆ. ಒಂದು, ಹೆಲ್ಮೆಟ್ ಮಂಗಟ್ಟೆ ಹಕ್ಕಿಯದು. ‘ಹೂ’ ಎಂಬ ಒಂಟಿ ಸ್ವರಗಳು ಬಿಡಿಬಿಡಿಯಾಗಿ ಆರಂಭವಾಗಿ, ನಡುವಿನ ಬಿಡುವು ಕಡಿಮೆಯಾಗುತ್ತಾ ಬಂದು, ಕೊನೆಗೆ ಗಹಗಹಿಸಿ ನಕ್ಕಂತೆ ಮುಗಿಯುತ್ತದೆ. ಬಹು ದೂರದವರೆಗೆ ಕೇಳುತ್ತದೆ. ಇದರ ಕೊಕ್ಕಿನ ಮೇಲಿನ ಕೊಂಬು ಬೇರೆ ಮಂಗಟ್ಟೆಗಳದರಂತೆ ಪೊಳ್ಳಾಗಿರದೆ ಗಟ್ಟಿಯಾಗಿರುವುದರಿಂದ ಕೆತ್ತನೆಯ ವಸ್ತುವಿಗಾಗಿ ಇದನ್ನು ಎಷ್ಟು ಕೊಂದಿದ್ದಾರೆಂದರೆ, 2015ರಲ್ಲಿ ಇದನ್ನು ತೀವ್ರ ಅಳಿವಿನಂಚಿನ ಪ್ರಭೇದವೆಂದು ಘೋಷಿಸಬೇಕಾಯಿತು. ಅದರ ಕೂಗನ್ನು ಒಮ್ಮೆ ಕೇಳಿದರೂ ನಿಮ್ಮ ಪ್ರಯಾಣ ಸಾರ್ಥಕ ಎಂದು ನಾನು ನಂಬುತ್ತೇನೆ. ಎರಡು, ಮಹಾ ಆರ್ಗಸ್ ಎಂಬ ಕಾಡುಕೋಳಿಯ ಬಳಗದ ಹಕ್ಕಿಯದು. ಗಂಡು ಹಕ್ಕಿ ಕಾಡಿನ ನೆಲದಲ್ಲಿ ಒಂದು ಜಾಗವನ್ನು ತರಗೆಲೆಯೂ ಉಳಿಯದಂತೆ ಗುಡಿಸಿ, ಅಲ್ಲಿ ನಿಂತು ಕೂಗಿ ಹೆಣ್ಣನ್ನು ಕರೆದು, ರೆಕ್ಕೆಯ ನೂರಾರು ಕಣ್ಣುಗಳನ್ನು ಬಿಡಿಸಿ ಕುಣಿಯುತ್ತದೆ. ಅದರ ಮಲಯ ಹೆಸರು ‘ಕುವಾವು’, ಕೂಗೂ ಹಾಗೆಯೇ ಇದೆ. ಹಕ್ಕಿಯನ್ನು ಕಾಣುವವರು ಅಪರೂಪ, ಕೂಗು ಮಾತ್ರ ಬೆಟ್ಟದ ಓರೆಯಿಂದ ದಿನಕ್ಕೆ ಹಲವು ಬಾರಿ ಕೇಳಿಬರುತ್ತದೆ. ಇನ್ನು ಬಾಲವಿಲ್ಲದ ವಾನರವಾದ ಗಿಬ್ಬನ್‌ನ ಬೆಳಗಿನ ಹಾಡನ್ನು ಕಲಿಯಬೇಕಾಗಿಲ್ಲ, ಕೇಳಿದೊಡನೆ ಗೊತ್ತಾಗುತ್ತದೆ.

ಹಣ್ಣು ಬಿಟ್ಟ ಅತ್ತಿಯ ಜಾತಿಯ ಮರ ಎಲ್ಲಿದೆ ಎಂದು ಮಾರ್ಗದರ್ಶಕರನ್ನು ಮೊದಲ ದಿನವೇ ಕೇಳಿ. ಈ ಕಾಡಿನ ದೊಡ್ಡ ಮರಗಳಲ್ಲಿ ಹೆಚ್ಚಿನವು ಧೂಪದ ಮರದ ಕುಟುಂಬಕ್ಕೆ ಸೇರಿದವು. ಅವು ವರ್ಷವರ್ಷವೂ ಹೂ ಬಿಡುವುದಿಲ್ಲ, ಹಲವು ವರ್ಷಗಳಿಗೊಮ್ಮೆ ಕಾಡಿಗೆ ಕಾಡೇ ಒಟ್ಟಾಗಿ ಹೂ ಬಿಟ್ಟು ಕಾಯಿ ಉದುರಿಸುತ್ತವೆ. ನಡುವಿನ ವರ್ಷಗಳಲ್ಲಿ ಹಣ್ಣು ತಿನ್ನುವ ಪ್ರಾಣಿಪಕ್ಷಿಗಳನ್ನು ಸಾಕುವುದು ಒಂದಲ್ಲ ಒಂದು ಕಡೆ ಸದಾ ಫಲ ಬಿಡುವ ಅತ್ತಿ, ಆಲದ ಬಳಗದ ಮರಗಳು. ಅಂಥ ಒಂದು ಮರದಿಂದ ಸ್ವಲ್ಪ ದೂರದಲ್ಲಿ ಎರಡು ಗಂಟೆ ಅಲುಗಾಡದೆ ಕುಳಿತರೆ, ಹತ್ತು ಕಿಲೋಮೀಟರ್ ನಡೆದವರಿಗೆ ಕಾಣದ್ದು ನಿಮಗೆ ಕಾಣುತ್ತದೆ. ನಿಮ್ಮ ತಾಯಿಯವರಿಗೂ ಇದು ಅನುಕೂಲ.

ದುರ್ಬೀನು ಕೊಳ್ಳುವುದಾದರೆ 10x42ಕ್ಕಿಂತ 8x42 ಆರಿಸಿ. ಮೊದಲ ಸಂಖ್ಯೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದು, ಎರಡನೆಯದು ಮುಂದಿನ ಮಸೂರದ ಅಗಲ ಮಿಲಿಮೀಟರಿನಲ್ಲಿ. ಕಾಡಿನ ನೆಲಕ್ಕೆ ತಲುಪುವುದು ಬಿಸಿಲಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. 8x42ರಲ್ಲಿ ಕಣ್ಣಿಗೆ ಬರುವ ಬೆಳಕಿನ ವೃತ್ತ 5 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು, 10x42ರಲ್ಲಿ 4.2 ಮಿಲಿಮೀಟರ್. ನೆರಳಿನಲ್ಲಿ ಈ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ತೇವದಿಂದ ಮಸೂರಕ್ಕೆ ಬೂಷ್ಟು ಹಿಡಿಯದಂತೆ ರಾತ್ರಿ ಅದನ್ನು ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಮುಚ್ಚಿಡಿ.

ದೂರದಾರಿ

ಎಲ್ಲರಿಗೂ ಅಷ್ಟು ತಾಳ್ಮೆ ಇರುವುದಿಲ್ಲ ಎಂಬುದನ್ನೂ ಗಮನಿಸಬೇಕು. ಮಗು ಇರುವ ಕುಟುಂಬ ಎರಡು ಗಂಟೆ ಮರದ ಕೆಳಗೆ ಕುಳಿತರೆ ಮಗು ಬೇಸರಪಡುವ ಸಾಧ್ಯತೆ ಇದೆ. ನಾವು ಒಂದು ರಾತ್ರಿ ಮಾತ್ರ ಉಳಿದಿದ್ದೆವು. ರಾತ್ರಿ ಸಫಾರಿಯಲ್ಲಿ ತೆರೆದ ವಾಹನದ ಮೇಲೆ ಕುಳಿತು ಚಿರತೆಬೆಕ್ಕು ಮತ್ತು ಪುನುಗುಬೆಕ್ಕುಗಳನ್ನು ಕಂಡೆವು, ಮಕ್ಕಳು ಬಹಳ ಸಂತೋಷಪಟ್ಟರು. ಅದನ್ನು ಪಟ್ಟಿಯಿಂದ ತೆಗೆಯಬೇಡಿ ಎಂಬುದು ನನ್ನ ಅಭಿಪ್ರಾಯ.

ನೆರಳುಹಾದಿ

ದೂರದಾರಿ ಅವರೇ, ಮಕ್ಕಳ ತಾಳ್ಮೆಯ ಬಗ್ಗೆ ನೀವು ಹೇಳಿದ್ದು ಸರಿ. ಎರಡು ಗಂಟೆಯನ್ನು ಅರ್ಧರ್ಧ ಗಂಟೆಯಾಗಿ ಒಡೆದುಕೊಳ್ಳಬಹುದು. ಆದರೆ ರಾತ್ರಿ ಸಫಾರಿಯ ಬಗ್ಗೆ ಒಂದು ಸಂಗತಿಯನ್ನು ಓದುಗರು ತಿಳಿದಿರಬೇಕು. ವಾಹನದ ಆ ಸಫಾರಿ ಸಾಮಾನ್ಯವಾಗಿ ನಡೆಯುವುದು ಉದ್ಯಾನದೊಳಗೆ ಅಲ್ಲ, ಹೊಳೆಯ ಈಚೆಗೆ ಹಳ್ಳಿಯ ಕಡೆಗಿರುವ ಎಣ್ಣೆತಾಳೆ ತೋಟಗಳಲ್ಲಿ. ತೋಟದಲ್ಲಿ ಇಲಿಗಳು ಹೆಚ್ಚು, ಇಲಿ ತಿನ್ನಲು ಚಿರತೆಬೆಕ್ಕುಗಳು ಬರುತ್ತವೆ, ನೆಲ ತೆರವಾಗಿರುವುದರಿಂದ ದೀಪದ ಬೆಳಕಿಗೆ ಸಿಗುತ್ತವೆ. ಕಂಡದ್ದು ನಿಜವಾದ ಕಾಡುಬೆಕ್ಕೇ, ಆದರೆ ಕಂಡ ಜಾಗ ಮಳೆಕಾಡಲ್ಲ. ಅದೇ ಹೊತ್ತನ್ನು ಮಾರ್ಗದರ್ಶಕರೊಡನೆ ಉದ್ಯಾನದ ಹಲಗೆಹಾದಿಯಲ್ಲಿ ಕಾಲ್ನಡಿಗೆಗೆ ಕೊಟ್ಟರೆ ಕಡ್ಡಿಹುಳುಗಳು, ಚೇಳುಗಳು, ಎಲೆಯ ಮೇಲೆ ಮಲಗಿದ ಹಾವು, ಕೊಳೆತ ಮರದ ಮೇಲೆ ಮಂದವಾಗಿ ಬೆಳಗುವ ಅಣಬೆ ಕಾಣಬಹುದು. ಮಕ್ಕಳ ಕಣ್ಣು ಇಂಥವನ್ನು ನಮಗಿಂತ ಮೊದಲು ಹಿಡಿಯುತ್ತದೆ.

ತೂಗುಹಾದಿಯನ್ನು ಖಂಡಿತ ಉಳಿಸಿಕೊಳ್ಳಿ. ನೆಲದಿಂದ 40 ಮೀಟರ್‌ವರೆಗಿನ ಎತ್ತರದಲ್ಲಿ ಮರದಿಂದ ಮರಕ್ಕೆ ಹಗ್ಗದಿಂದ ಕಟ್ಟಿದ ಹಾದಿ ಅದು. ಅದನ್ನು ಹೊತ್ತಿರುವ ಮರಗಳಲ್ಲಿ ತುವಾಲಂಗ್ ಜಾತಿಯವೂ ಇವೆ. 80 ಮೀಟರ್‌ಗೂ ಮೀರಿ ಬೆಳೆಯಬಲ್ಲ, ನುಣುಪು ಕಾಂಡದ, ಹೆಜ್ಜೇನು ಗೂಡು ಕಟ್ಟಲು ಮೆಚ್ಚುವ ಮರ. ಪ್ರವಾಹದಲ್ಲಿ ಹಾಳಾದಾಗಲೆಲ್ಲ ಈ ಹಾದಿಯ ಕೆಲವು ಭಾಗಗಳನ್ನು ದುರಸ್ತಿಗೆ ಮುಚ್ಚುತ್ತಾರೆ, ಆದ್ದರಿಂದ ಹೊರಡುವ ವಾರ ವಿಚಾರಿಸಿ. ಬೆಳಿಗ್ಗೆ ತೆರೆಯುವ ಹೊತ್ತಿಗೇ ಅಲ್ಲಿರಿ. ತಡವಾದರೆ ಸಾಲು ಬೆಳೆಯುತ್ತದೆ, ಗದ್ದಲಕ್ಕೆ ಹಕ್ಕಿಗಳೂ ದೂರ ಸರಿಯುತ್ತವೆ. ಏಪ್ರಿಲ್ ಆರಿಸಿದ್ದು ಒಳ್ಳೆಯದು. ಈಶಾನ್ಯ ಮಾನ್ಸೂನ್ ನವೆಂಬರಿನಿಂದ ಜನವರಿಯವರೆಗೆ ಜೋರು. 2014ರ ಡಿಸೆಂಬರಿನ ಮಹಾಪ್ರವಾಹದಲ್ಲಿ ಕ್ವಾಲಾ ತಹಾನ್ ಮುಳುಗಿ, ಅಲ್ಲಿ ಸಿಲುಕಿದ ಪ್ರವಾಸಿಗರನ್ನು ಹೊರತರಲು ಹೆಲಿಕಾಪ್ಟರ್ ಬಳಸಬೇಕಾಯಿತು. ಏಪ್ರಿಲ್‌ನಲ್ಲೂ ಮಧ್ಯಾಹ್ನದ ಮಳೆ ಇದ್ದೇ ಇರುತ್ತದೆ; ನಡಿಗೆಯನ್ನೆಲ್ಲ ಬೆಳಿಗ್ಗೆಗೆ ಇಟ್ಟುಕೊಳ್ಳಿ.

ಬೇರುಬಿಳಲು

ನಾನು ವೈದ್ಯಕೀಯ ಕ್ಷೇತ್ರದಲ್ಲಿ ಕೆಲಸ ಮಾಡುತ್ತೇನೆ, ಆರೋಗ್ಯದ ಬಗ್ಗೆ ಮಾತ್ರ ಬರೆಯುತ್ತೇನೆ.

ಜನ ಅತಿ ಹೆಚ್ಚು ಹೆದರುವುದು ಇಂಬಳಕ್ಕೆ, ಆದರೆ ಅದು ಅತಿ ಕಡಿಮೆ ಅಪಾಯದ ಜೀವಿ. ಕಚ್ಚುವಾಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುವನ್ನು ಬಿಡುವುದರಿಂದ ಅದು ಬಿದ್ದುಹೋದ ಮೇಲೂ ರಕ್ತ ಬಹಳ ಹೊತ್ತು ಒಸರುತ್ತದೆ, ನೋಡಿದವರಿಗೆ ಗಾಬರಿಯಾಗುತ್ತದೆ, ಅಷ್ಟೇ. ಉಗುರಿನ ಅಂಚಿನಿಂದ ಅದರ ಬಾಯಿಯ ತುದಿಯನ್ನು ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ಉಪ್ಪು ಹಾಕುವುದು, ಬೆಂಕಿ ತಾಗಿಸುವುದು ಬೇಡ. ಅದು ಹೊಟ್ಟೆಯಲ್ಲಿದ್ದುದನ್ನು ಗಾಯಕ್ಕೇ ಕಾರಬಹುದು. ಮೊಣಕಾಲಿನವರೆಗೆ ಬರುವ, ಒತ್ತಾಗಿ ನೇಯ್ದ ಬಟ್ಟೆಯ ಇಂಬಳದ ಕಾಲುಚೀಲ ಹಾಕಿ ಪ್ಯಾಂಟನ್ನು ಒಳಗೆ ಸೇರಿಸಿಕೊಳ್ಳಿ. ಆದರೆ ತಾಯಿಯವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ವೈದ್ಯರಿಗೆ ತಿಳಿಸಿ.

ನಿಜವಾಗಿ ಗಮನ ಕೊಡಬೇಕಾದದ್ದು ಸೊಳ್ಳೆ. ಮನುಷ್ಯರಿಂದ ಮನುಷ್ಯರಿಗೆ ಹರಡುವ ಮಲೇರಿಯಾದ ಸ್ಥಳೀಯ ಪ್ರಕರಣಗಳು ಮಲೇಷಿಯಾದಲ್ಲಿ 2018ರಿಂದ ಶೂನ್ಯಕ್ಕೆ ಇಳಿದವು. ಉಳಿದಿರುವುದು ಮಂಗಗಳಲ್ಲಿ ವಾಸಿಸಿ ಕಾಡಿನ ಸೊಳ್ಳೆಯ ಮೂಲಕ ಮನುಷ್ಯರಿಗೆ ಬರುವ ನೋಲೆಸಿ ಎಂಬ ಬಗೆ. ಮನುಷ್ಯನಿಗೆ ಸಹಜವಾಗಿ ಅದು ತಗುಲಿದ ಮೊದಲ ಪ್ರಕರಣ 1965ರಲ್ಲಿ ದಾಖಲಾದದ್ದು ಇದೇ ಪಹಾಂಗ್‌ನ ಕಾಡಿಗೆ ಹೋಗಿಬಂದವರೊಬ್ಬರಲ್ಲಿ. ಈ ಪರಾವಲಂಬಿ ರಕ್ತದಲ್ಲಿ 24 ಗಂಟೆಗೊಮ್ಮೆ ಹೊಸ ಪೀಳಿಗೆಯಾಗಿ ಹೆಚ್ಚುವುದರಿಂದ ಕಾಯಿಲೆ ಬೇಗ ಉಲ್ಬಣಿಸುತ್ತದೆ. ಪ್ರವಾಸಿಗರಿಗೆ ತಗುಲುವುದು ವಿರಳ, ಆದರೂ ಹೊರಡುವ ಮೊದಲು ಪ್ರವಾಸಿ ಆರೋಗ್ಯ ತಿಳಿದ ವೈದ್ಯರನ್ನು ಕಂಡು ಮಾತ್ರೆಯ ಅಗತ್ಯವಿದೆಯೇ ಎಂದು ಕೇಳಿ. ಮರಳಿದ ನಂತರದ ಕೆಲವು ವಾರಗಳಲ್ಲಿ ಯಾರಿಗಾದರೂ ಜ್ವರ ಬಂದರೆ ಅದೇ ದಿನ ವೈದ್ಯರಲ್ಲಿಗೆ ಹೋಗಿ, ಮಳೆಕಾಡಿಗೆ ಹೋಗಿದ್ದೆವು ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿ. ಡೆಂಗಿ ಮತ್ತು ಇಲಿಜ್ವರವನ್ನೂ ವೈದ್ಯರು ಆಗ ಪರಿಶೀಲಿಸುತ್ತಾರೆ. ಹೊಳೆಯಲ್ಲಿ ಇಳಿಯುವುದಿದ್ದರೆ ಕಾಲಿನ ಗಾಯಗಳನ್ನು ಮುಚ್ಚಿಕೊಳ್ಳಿ. ಮಂಗಗಳಿಗೆ ತಿನಿಸು ಕೊಡಬೇಡಿ.

ಹೊಳೆದಂಡೆ

ಇಷ್ಟು ವಿವರವಾಗಿ ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಮಗಳು ನಿನ್ನೆಯಿಂದಲೇ ಹೆಲ್ಮೆಟ್ ಮಂಗಟ್ಟೆಯ ಕೂಗನ್ನು ಅಭ್ಯಾಸ ಮಾಡುತ್ತಿದ್ದಾಳೆ.

ಎರಡು ಪ್ರಶ್ನೆಗಳು ಉಳಿದಿವೆ. ಪಟ್ಟಿಯಲ್ಲಿ ‘ಆದಿವಾಸಿಗಳ ಹಾಡಿ, ಊದುಗೊಳವೆ ಪ್ರದರ್ಶನ, ಒಂದು ಗಂಟೆ’ ಎಂದಿದೆ. ಹೋಗುವುದೋ ಬೇಡವೋ ಎಂಬ ಅಳುಕು ನನ್ನನ್ನು ಕಾಡುತ್ತಿದೆ. ಎರಡನೆಯದಾಗಿ, ಕಾಡಿನೊಳಗಿನ ಮರೆಗೂಡಿನಲ್ಲಿ ಒಂದು ರಾತ್ರಿ ತಂಗುವುದು ಮಗುವಿನೊಡನೆ ಸಾಧ್ಯವೇ?

ಕಾಡಂಚು

ಮೊದಲ ಪ್ರಶ್ನೆಗೆ ಉತ್ತರಿಸಲು ಯತ್ನಿಸುತ್ತೇನೆ. ಅವರು ಬಟೆಕ್ ಜನ, ಮಲಯ ಪರ್ಯಾಯದ್ವೀಪದ ಮೂಲನಿವಾಸಿಗಳಾದ ಒರಾಂಗ್ ಅಸ್ಲಿ ಸಮುದಾಯಗಳಲ್ಲಿ ಒಂದು. ಉದ್ಯಾನ ಘೋಷಣೆಯಾಗುವ ಎಷ್ಟೋ ಮೊದಲಿನಿಂದ ಈ ಕಾಡು ಅವರ ಮನೆ. ಬೇಟೆ, ಗೆಡ್ಡೆಗೆಣಸು, ಬೆತ್ತ ಮತ್ತು ಸುಗಂಧದ ಅಗರು ಸಂಗ್ರಹಿಸುತ್ತಾ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುವ ಬದುಕು ಅವರದು. ಉದ್ಯಾನದ ಸುತ್ತಲಿನ ಕಾಡು ಕಡಿದು ತೋಟವಾದಂತೆಲ್ಲ ಅವರು ಸಾಗಬಹುದಾದ ನೆಲ ಕಿರಿದಾಗಿದೆ. 2019ರಲ್ಲಿ ಕ್ವಾಲಾ ಕೋಹ್ ಬಳಿಯ ಬಟೆಕ್ ವಸತಿಯಲ್ಲಿ ದಡಾರ ಹರಡಿ ಹಲವರು ಪ್ರಾಣ ಕಳೆದುಕೊಂಡರು. ನಮಗೆ ಸಣ್ಣದೆನಿಸುವ ಸೋಂಕು ಅವರಿಗೆ ಏನಾಗಬಹುದು ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ಮನೆಯಲ್ಲಿ ಯಾರಿಗೇ ಕೆಮ್ಮು, ನೆಗಡಿ, ಜ್ವರ ಇದ್ದರೂ ಹೋಗಲೇಬೇಡಿ.

ಆರೋಗ್ಯವಾಗಿದ್ದರೂ ಆ ಒಂದು ಗಂಟೆಯ ಪ್ರದರ್ಶನವನ್ನು ನಾನು ಸೂಚಿಸುವುದಿಲ್ಲ. ದೋಣಿಯಲ್ಲಿ ಇಪ್ಪತ್ತು ಜನ ಬಂದಿಳಿದು, ಗುಡಿಸಲಿನೊಳಗೆ ಇಣುಕಿ, ಮಕ್ಕಳ ಚಿತ್ರ ತೆಗೆದು ಹೊರಟುಹೋಗುವುದನ್ನು ನಾನು ಕಂಡಿದ್ದೇನೆ. ಆ ತಾಯಂದಿರು ಮುಖ ತಿರುಗಿಸಿಕೊಂಡಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಬಟೆಕ್ ಸಮುದಾಯದವರೇ ಮಾರ್ಗದರ್ಶಕರಾಗಿ ಸಿಕ್ಕರೆ ಅರ್ಧ ದಿನ ಅವರ ಜೊತೆ ನಡೆಯಿರಿ, ಸಂಭಾವನೆಯನ್ನು ನೇರವಾಗಿ ಅವರ ಕೈಗೇ ಕೊಡಿ. ಯಾವ ಬಳ್ಳಿಯಲ್ಲಿ ಕುಡಿಯುವ ನೀರಿದೆ, ಯಾವ ಎಲೆ ಸೂರಿಗೆ ಆಗುತ್ತದೆ ಎಂಬುದು ಅವರಿಂದ ತಿಳಿದಂತೆ ಬೇರೆ ಯಾರಿಂದಲೂ ತಿಳಿಯುವುದಿಲ್ಲ. ಅಂಥವರು ಸಿಗದಿದ್ದರೆ ಅದನ್ನು ಬಿಟ್ಟುಬಿಡಿ.

ನೆರಳುಹಾದಿ

ಮರೆಗೂಡಿನ ಬಗ್ಗೆ. ಮಲಯದಲ್ಲಿ ಅದಕ್ಕೆ ‘ಬುಂಬುನ್’ ಎನ್ನುತ್ತಾರೆ. ಕಂಬಗಳ ಮೇಲೆ ಕಟ್ಟಿದ ಗೂಡು, ಎದುರಿಗೆ ಉಪ್ಪುಮಣ್ಣಿನ ತಾಣ. ಎಲೆ ತಿಂದು ಬದುಕುವ ಪ್ರಾಣಿಗಳಿಗೆ ಆಹಾರದಿಂದ ಸೋಡಿಯಂ ಸಾಕಷ್ಟು ಸಿಗದ ಕಾರಣ ಟೇಪಿರ್, ಕಡವೆ, ಕಾಟಿಗಳು ರಾತ್ರಿ ಅಂಥ ಜಾಗಕ್ಕೆ ಬರುತ್ತವೆ. ದೂರದ ಬುಂಬುನ್ ಕುಂಬಂಗ್‌ಗೆ ಸುಮಾರು 11 ಕಿಲೋಮೀಟರ್ ಕಾಡುದಾರಿ; ದೋಣಿಯಲ್ಲಿ ಹೊಳೆಯ ಮೇಲೆ ಹೋಗಿ ಉಳಿದಷ್ಟನ್ನು ನಡೆಯುವುದೂ ಉಂಟು. ಹಲಗೆಯ ಮಂಚ ಬಿಟ್ಟರೆ ಬೇರೆ ಸೌಕರ್ಯವಿಲ್ಲ. ನೀರು, ಊಟ, ಹೊದಿಕೆ, ಟಾರ್ಚು ಎಲ್ಲವನ್ನೂ ಹೊರಬೇಕು, ಕಸವನ್ನೆಲ್ಲ ಮರಳಿ ತರಬೇಕು, ತಿಂಡಿಯನ್ನು ಇಲಿಗೆ ಸಿಗದಂತೆ ತೂಗುಹಾಕಬೇಕು. ಮಗುವಿಗೆ ಅಸಾಧ್ಯವೇನಲ್ಲ, ಆದರೆ ತಾಯಿಯವರನ್ನು ಒಬ್ಬರೇ ಬಿಟ್ಟು ಹೋಗಬೇಕಾಗುತ್ತದೆ, ನಾಲ್ಕು ದಿನದಲ್ಲಿ ಒಂದೂವರೆ ದಿನ ಅದಕ್ಕೇ ಹೋಗುತ್ತದೆ. ಉದ್ಯಾನದ ಕಚೇರಿಯ ಹತ್ತಿರವೇ ಬುಂಬುನ್ ತಹಾನ್ ಇದೆ. ಮುಸ್ಸಂಜೆಗೆ ಅಲ್ಲಿಗೆ ಹೋಗಿ ಒಂದೆರಡು ಗಂಟೆ ಮಾತಿಲ್ಲದೆ ಕುಳಿತು ಬನ್ನಿ. ಕತ್ತಲಾಗುವುದು ಏಳು ಗಂಟೆಯ ನಂತರ. ಅದಕ್ಕೆ ಸ್ವಲ್ಪ ಮೊದಲು ಜೀರುಂಡೆಗಳು ಒಮ್ಮೆಗೇ ಕೂಗಲು ಆರಂಭಿಸುತ್ತವೆ.

ತಾಯಿಯವರಿಗಾಗಿ ತಹಾನ್ ಹೊಳೆಯಲ್ಲಿ ಲಾತಾ ಬೆರ್ಕೊಹ್ ಕಡೆಗಿನ ದೋಣಿಯಾನವನ್ನು ತಪ್ಪದೆ ಇಟ್ಟುಕೊಳ್ಳಿ. ತೆಂಬೆಲಿಂಗ್ ಹೊಳೆ ಅಗಲ, ಕೆಂಪುಮಣ್ಣಿನ ಬಣ್ಣ. ತಹಾನ್ ಕಿರಿದು, ತಿಳಿ. ನೆರಾಮ್ ಎಂಬ ಮರಗಳು ಎರಡೂ ದಂಡೆಗಳಿಂದ ನೀರಿನ ಮೇಲೆ ಬಾಗಿ, ಮೈತುಂಬ ಜರಿಗಿಡ ಮತ್ತು ಸೀತಾಳೆ ಹೊತ್ತು, ಹೊಳೆಗೇ ಚಪ್ಪರ ಹಾಕಿದಂತೆ ಕಾಣುತ್ತವೆ. ನಡೆಯಲಾಗದವರಿಗೆ ಮಳೆಕಾಡಿನ ಒಳಮೈ ಕಾಣುವ ದಾರಿ ಇದಕ್ಕಿಂತ ಉತ್ತಮವಾದದ್ದು ನನಗೆ ತಿಳಿದಿಲ್ಲ. ನೀರು ಇಳಿದ ದಿನಗಳಲ್ಲಿ ದೋಣಿ ಕಲ್ಲಿಗೆ ತಾಗಿ, ಕೆಲವೆಡೆ ಇಳಿದು ನಡೆಯಬೇಕಾಗಬಹುದು ಎಂಬುದು ತಿಳಿದಿರಲಿ.

ಹೊಳೆದಂಡೆ

ನಿಮ್ಮೆಲ್ಲರ ಮಾತುಗಳನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿದೆ. ನಾವು ನಿಶ್ಚಯಿಸಿದ್ದು ಹೀಗಿದೆ. ಮೊದಲ ದಿನ ದೋಣಿಯಲ್ಲಿ ತಲುಪಿ, ಅನುಮತಿಪತ್ರ ಪಡೆದು, ಸಂಜೆ ಹಲಗೆಹಾದಿಯಲ್ಲಿ ಸ್ವಲ್ಪ ನಡೆಯುವುದು. ಎರಡನೆಯ ದಿನ ಬೆಳಿಗ್ಗೆ ನಾನು, ಹೆಂಡತಿ, ಮಗಳು ತೂಗುಹಾದಿಗೆ; ತಾಯಿ ಅಂದು ವಿಶ್ರಾಂತಿ ಪಡೆದು, ಸಂಜೆ ನಾಲ್ವರೂ ಬುಂಬುನ್ ತಹಾನ್‌ಗೆ. ಮೂರನೆಯ ದಿನ ಪೂರ್ತಿ ತಹಾನ್ ಹೊಳೆ, ರಾತ್ರಿ ಕಾಲ್ನಡಿಗೆ. ನಾಲ್ಕನೆಯ ದಿನ ಬೆಳಿಗ್ಗೆ ಯಾವುದಾದರೂ ಹಣ್ಣಿನ ಮರದ ಕೆಳಗೆ, ಮಧ್ಯಾಹ್ನ ರಸ್ತೆಯಲ್ಲಿ ಮರಳುವುದು. ಗುಹೆ, ವಾಹನದ ಸಫಾರಿ, ಹಾಡಿಯ ಪ್ರದರ್ಶನ ಮೂರನ್ನೂ ತೆಗೆದುಹಾಕಿದ್ದೇವೆ. ವಸತಿಯನ್ನು ಇನ್ನೂ ಕಾಯ್ದಿರಿಸಿಲ್ಲ. ಹಳ್ಳಿಯ ಕಡೆ ಉಳಿಯುವುದೋ ಉದ್ಯಾನದ ಕಡೆಯೋ?

ಮಂಗಟ್ಟೆ

ಹೊಳೆದಂಡೆ ಅವರೇ, ಯೋಜನೆ ಚೆನ್ನಾಗಿದೆ. ಹಳ್ಳಿಯ ಕಡೆ ಉಳಿದರೆ ಪ್ರತಿ ಸಲವೂ ಚಿಕ್ಕ ದೋಣಿಯಲ್ಲಿ ಹೊಳೆ ದಾಟಿ, ಆಚೆ ದಂಡೆಯ ಕಡಿದಾದ ಮೆಟ್ಟಿಲುಗಳನ್ನು ಹತ್ತಬೇಕು. ಖರ್ಚು ಕಡಿಮೆ ನಿಜ, ಆದರೆ ದಿನಕ್ಕೆ ಎರಡು ಮೂರು ಸಲ ಆ ಮೆಟ್ಟಿಲು ಹತ್ತಿ ಇಳಿಯುವುದು ತಾಯಿಯವರ ಮಂಡಿಗೆ ಒಳ್ಳೆಯದಲ್ಲ. ಸಾಧ್ಯವಾದರೆ ಉದ್ಯಾನದ ಕಡೆಯ ವಸತಿಯನ್ನೇ ಆರಿಸಿ, ಮೆಟ್ಟಿಲಿನಿಂದ ದೂರವಿರದ ಕೋಣೆ ಬೇಕೆಂದು ಬರೆದು ಕೇಳಿ. ಇನ್ನೊಂದು ಲಾಭವೂ ಇದೆ. ಜುಟ್ಟಿನ ಫೈರ್‌ಬ್ಯಾಕ್ ಎಂಬ ನೀಲಿ ಮುಖದ ಕಾಡುಕೋಳಿ ಬೆಳಗಿನ ಜಾವ ಆ ಕೋಣೆಗಳ ಹಿಂದಿನ ಅಂಗಳಕ್ಕೆ ಬಂದು ಎಲೆ ಕೆದಕುವುದನ್ನು ನಾನು ಮೂರು ದಿನ ಸತತವಾಗಿ ನೋಡಿದ್ದೇನೆ. ಎರಡನೆಯ ದಿನ ನೀವು ಮೂವರೂ ತೂಗುಹಾದಿಗೆ ಹೋದಾಗ ದುರ್ಬೀನನ್ನು ಅಜ್ಜಿಯ ಕೈಯಲ್ಲಿ ಬಿಟ್ಟು ಹೋಗಲು ಮಗಳಿಗೆ ಹೇಳಿ.